ಕೊಟ್ರಬಸಜ್ಜನ ಕುರ್ಚಿ

ಹಲ್ಲು ನೋಯದೆ ಇದ್ದಿದ್ದರೆ ರುದ್ರಮುನಿಗೆ ಈ ಕಷ್ಟ ಬರುತ್ತಿರಲಿಲ್ಲ. ಆದರೆ ಆ ವರ್ಷ ವೈಶಾಖ ಹುಟ್ಟುತ್ತಲೇ ಅವನ ಎಡದವಡೆಯ ಹಲ್ಲೊಂದು ನೋಯತೊಡಗಿತು. ಅವನು ಹೋಗಿ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಸರದಿಗಾಗಿ ಕೂತ. ಕೂತವನ ಕೈಗೆ ಮುಂಬಯಿಯ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತು.

ಪತ್ರಿಕೆಯ ನಡುವಿನ ಹಾಳೆಯಲ್ಲಿ ಒಂದು ಕೋಣೆಯ ಚಿತ್ರವಿತ್ತು. ಕೋಣೆಯಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಬಿಳಿ ಗೋಡೆ, ಗೋಡೆಯ ಮೇಲೆ ಒಂದು ಪಟ, ಪಟದ ಎದುರಿಗೆ ತಗ್ಗಾದ ಒಂದು ಕುರ್ಚಿ, ಪಕ್ಕದಲ್ಲಿ ಮೂರು ಕಾಲಿನ ಒಂದು ದೀಪ. ಕಿಟಕಿಯಿಂದ ಬಂದ ಮಧ್ಯಾಹ್ನದ ಬಿಸಿಲು ಕಣದಲ್ಲಿ ಹರವಿದ ಜೋಳದ ಹಾಗೆ ನೆಲದ ತುಂಬ ಬಿದ್ದಿತ್ತು. ರುದ್ರಮುನಿ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಐವತ್ತರ ದಶಕದ ಇಂಥ ಕುರ್ಚಿ, ದೀಪ, ಅಚ್ಚಿನ ಚಿತ್ರಗಳನ್ನು ಮುಂಬಯಿಯ ರಸಿಕರು ಈಗ ಹುಡುಕಿಕೊಂಡು ಹೋಗಿ ಮನೆಗೆ ತರುತ್ತಿದ್ದಾರೆ ಎಂಬುದು ಅದರ ಸಾರಾಂಶ. ಓದಿ ಮುಗಿಸಿ ಅವನು ಮತ್ತೆ ಆ ಬಿಸಿಲನ್ನೇ ನೋಡುತ್ತ ಕೂತ. ಕಾಂಪೌಂಡರು ಹೆಸರು ಹಿಡಿದು ಕೂಗಿದ್ದು ಅವನಿಗೆ ಕೇಳಲಿಲ್ಲ. ಎಚ್ಚರವಾಗುವ ಹೊತ್ತಿಗೆ ಹಲ್ಲುನೋವು ಹೋಗಿತ್ತು. ಹಲ್ಲನ್ನು ಇದ್ದ ಜಾಗದಲ್ಲೇ ಬಿಟ್ಟು ಅವನು ಮನೆಗೆ ಬಂದ.

ಮನೆ ದಾವಣಗೆರೆಯ ಹೊಂಡದ ಸರ್ಕಲ್ಲಿನ ಹಿಂದಿನ ಓಣಿಯಲ್ಲಿತ್ತು. ಅದರ ಪಡಸಾಲೆಯಲ್ಲಿ ಇಲ್ಲದ ಸಾಮಾನಿರಲಿಲ್ಲ. ಕಬ್ಬಿಣದ ಮಂಚ, ಅಕ್ಕಿಚೀಲ, ಪ್ಲಾಸ್ಟಿಕ್ ಗಿಳಿಗಳು ತುಂಬಿದ ಶೋಕೇಸು, ಹೊದಿಕೆ ಹೊದ್ದ ಟೀವಿ, ಬಟ್ಟೆ ಅಂಗಡಿಗಳವರು ವರ್ಷಾವರ್ಷ ಕೊಟ್ಟ ಕ್ಯಾಲೆಂಡರುಗಳು. ರುದ್ರಮುನಿ ಚೌಕಿಪೇಟೆಯ ಸಗಟು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಹಗಲೆಲ್ಲ ಬಟ್ಟೆಯ ಬೇಲುಗಳ ನಡುವೆ ಉಸಿರು ಹಿಡಿದು ಕೂತು, ಸಂಜೆ ಮನೆಗೆ ಬಂದು ಅಕ್ಕಿಚೀಲಕ್ಕೆ ಬೆನ್ನು ಕೊಟ್ಟು ಕೂಡುವ ಮನುಷ್ಯ. ಅವನಿಗೆ ಈಗ ಒಂದು ಆಸೆ ಹುಟ್ಟಿತು. ಖಾಲಿ ಪಡಸಾಲೆಯಲ್ಲಿ, ಅಂಥದೊಂದು ಕುರ್ಚಿಯಲ್ಲಿ, ಅಂಥದೊಂದು ಪಟವನ್ನು ನೋಡುತ್ತ ಒಂದು ಮಧ್ಯಾಹ್ನ ಸುಮ್ಮನೆ ಕೂಡಬೇಕು. ಇಷ್ಟೇ. ಇದಕ್ಕಿಂತ ಸಣ್ಣ ಆಸೆಯನ್ನು ಮನುಷ್ಯ ಪಡುವುದು ಕಷ್ಟ.

ಅಂಗಡಿಯ ಕೆಲಸಕ್ಕೆಂದು ಹರಿಹರಕ್ಕೆ ಹೋದಾಗ ಅವನು ಬಡೇಸಾಬರ ಹಳೇ ಸಾಮಾನಿನ ಅಂಗಡಿಯ ಮುಂದೆ ನಿಂತ. ಒಳಗೆ, ಒಡೆದ ಕಪಾಟು, ತುಕ್ಕು ಹಿಡಿದ ಫ್ಯಾನುಗಳ ಸಂದಿಯಲ್ಲಿ, ಪತ್ರಿಕೆಯ ಕುರ್ಚಿಯೇ ಎದ್ದು ಬಂದಂತೆ ಒಂದು ತೇಗದ ಕುರ್ಚಿಯಿತ್ತು. ಬೆನ್ನಿಗೂ ಸೀಟಿಗೂ ಬೆತ್ತದ ಹೆಣಿಗೆ. ಆಗತಾನೆ ಹುಟ್ಟಿದ ಕರು ನಿಂತ ಹಾಗೆ ನಾಲ್ಕು ಕಾಲನ್ನೂ ಹೊರಕ್ಕೆ ಚಾಚಿ ನಿಂತಿತ್ತು.

"ಇದು ಎಲ್ಲೀದು ಸಾಬರೆ?"

"ಮಿಲ್ಲಿನ ಗೆಸ್ಟ್ ಹೌಸಿಂದು ಸಾರ್. ಮಿಲ್ಲು ಬಾಗ್ಲು ಹಾಕ್ತು, ಸಾಮಾನು ಇಲ್ಲಿಗೆ ಬಂತು. ಎಂತೆಂಥಾ ಸಾಹೇಬ್ರು ಕುಂತ ಕುರ್ಚಿ! ಇದರ ಜೋಡಿ ಇನ್ನೊಂದೈತೆ, ಅಟ್ಟದ ಮ್ಯಾಲೆ."

"ಒಂದೇ ಸಾಕು."

"ಒಂಟಿ ಕುರ್ಚಿ ಏನು ಚಂದ ಸಾರ್? ಎದುರಿಗೆ ಇನ್ನೊಬ್ರು ಕುಂತು ಮಾತಾಡಕ ಬ್ಯಾಡವ?"

"ಬ್ಯಾಡ," ಎಂದ ರುದ್ರಮುನಿ. ಪತ್ರಿಕೆಯಲ್ಲಿ ಇದ್ದದ್ದು ಒಂದೇ ಕುರ್ಚಿ.

ಮುಂದಿನ ಸಲ ಮೂರು ಕಾಲಿನ ದೀಪವೂ ಅಲ್ಲೇ ಸಿಕ್ಕಿತು. ಅದರ ಮುಂದಿನ ಸಲ ಪಟ ಸಿಕ್ಕಿತು. ಬಡೇಸಾಬರು ಸುರುಳಿ ಬಿಚ್ಚಿ ತೋರಿಸಿದ ಆ ಅಚ್ಚಿನ ಚಿತ್ರದಲ್ಲಿ ಒಬ್ಬ ಮುದುಕ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಗುಂಡಿ ಹಾಕಿದ ಕರೀ ಕೋಟು, ದಪ್ಪ ಬಿಳಿ ಮೀಸೆ. ಮುಖದ ಅರ್ಧ ಹಳದಿ, ಉಳಿದರ್ಧ ನೀಲಿ.

"ಇದ್ಯಾರು?"

"ಯಾರೋ ಫಾರಿನ್ ಅಜ್ಜ ಸಾರ್. ರೂಮಿಗೊಂದು ಹಾಕಾಕ ಅಂತ ಸಾಹೇಬ್ರು ಕಟ್ಟುಗಟ್ಲೆ ತರ್ಸಿದ್ರು. ಯಾವ ರೂಮಿಗೆ ಹೋದ್ರೂ ಇದೇ ಅಜ್ಜ. ಇನ್ನೂ ಭಾಳ ಅದಾವೆ, ಬೇಕಾದ್ರೆ ಹೇಳ್ರಿ."

ರುದ್ರಮುನಿಗೆ ಒಂದೇ ಸಾಕಾಗಿತ್ತು. ಉಳಿದ ಅಜ್ಜಂದಿರ ಬಗ್ಗೆ ಅವನು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಹೆಂಡತಿ ಉಮಾಮಹೇಶ್ವರಿ ಭಾನುವಳ್ಳಿಯ ತವರಿಗೆ ಹೋದ ಒಂದು ಭಾನುವಾರ ಅವನು ಪಡಸಾಲೆಯನ್ನು ಬರಿದು ಮಾಡಿದ. ಮಂಚ, ಶೋಕೇಸು, ಟೀವಿ, ಅಕ್ಕಿಚೀಲ ಎಲ್ಲ ಹಿತ್ತಲಿಗೆ ಹೋದವು. ನೆಲ ಒರೆಸಿದ. ಗೋಡೆಗೆ ಕಟ್ಟು ಹಾಕಿಸಿದ ಪಟ ತೂಗುಹಾಕಿದ. ಎದುರಿಗೆ ಕುರ್ಚಿಯಿಟ್ಟ. ಪಕ್ಕದಲ್ಲಿ ದೀಪ ನಿಲ್ಲಿಸಿ, ಹೇಗೆ ಕಾಣುತ್ತದೆ ನೋಡೋಣವೆಂದು ಹಗಲಿನಲ್ಲೇ ಹಚ್ಚಿದ. ಗಾಳಿ ಬರಲೆಂದು ಬಾಗಿಲು ತೆರೆದಿಟ್ಟ. ಬಿಸಿಲು ಮೆಲ್ಲಗೆ ಹೊಸಿಲು ದಾಟಿ ಒಳಗೆ ಬಂತು. ರುದ್ರಮುನಿಗೆ ತನ್ನ ಮನೆಯೊಳಗೆ ಬೇರೆ ಯಾವುದೋ ಊರು ಬಂದು ಕೂತ ಹಾಗಾಯಿತು. ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು, ಮೊದಲ ಸಲ ಕೂಡಲೆಂದು ಅವನು ಕುರ್ಚಿಯ ಕೈ ಹಿಡಿದು ಬಗ್ಗಿದ.

ಆಗ ಪಕ್ಕದ ಮನೆಯ ಅನ್ನಪೂರ್ಣಮ್ಮ ಬಂದರು. ಬಾಗಿಲಲ್ಲಿ ಕೂಗದೆ, ಚಪ್ಪಲಿ ಬಿಟ್ಟು, ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಬಂದು ಗೋಡೆಗೊರಗಿ ಕೂತರು.

"ಬರ್ರಿ ಅಕ್ಕಾರೆ," ಎಂದ ರುದ್ರಮುನಿ.

ಅನ್ನಪೂರ್ಣಮ್ಮ ಅವನನ್ನು ಕನಿಕರದಿಂದ ನೋಡಿದರು. ದುಃಖದಲ್ಲಿ ಮನುಷ್ಯನಿಗೆ ರೀತಿ ರಿವಾಜು ಮರೆತುಹೋಗುತ್ತದೆ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಪಡಸಾಲೆಯ ಸಾಮಾನೆಲ್ಲ ಹೊರಗೆ ಹೋಗುತ್ತದೆ, ಒಳಗೆ ಒಂದು ಕುರ್ಚಿ ಬರುತ್ತದೆ, ಪಕ್ಕದಲ್ಲಿ ದೀಪ ಉರಿಯುತ್ತದೆ. ಹೋದವರಿಗೆ ಸ್ನಾನ ಮಾಡಿಸಿ ತರುವವರೆಗೆ ಕುರ್ಚಿ ಖಾಲಿ ಇರುತ್ತದೆ. ನೋಡಲು ಬಂದವರನ್ನು ಯಾರೂ ಬರ್ರಿ ಎನ್ನುವುದಿಲ್ಲ. ಬಂದವರು ಹೋಗಿ ಬರುತ್ತೇವೆ ಎನ್ನುವುದಿಲ್ಲ. ಈ ವಿಷಯ ಮುಂಬಯಿಯ ಪತ್ರಿಕೆಯಲ್ಲಿ ಬಂದಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಓಣಿಯವರೆಲ್ಲ ಬಂದರು. ಗೋಡೆಯುದ್ದಕ್ಕೂ ಕೂತರು. ಯಾರೋ ವಿಭೂತಿಗಟ್ಟಿ ತಂದಿದ್ದರು, ಇನ್ಯಾರೋ ಹೂವಿನ ಹಾರ. ಮೂಲೆಯಲ್ಲಿ ಕೂತ ಹಿರಿಯರೊಬ್ಬರು ಸಣ್ಣ ದನಿಯಲ್ಲಿ ಭಜನೆ ಶುರುಮಾಡಿ, ದನಿಗೂಡಿಸುವವರಿಲ್ಲದೆ ನಿಲ್ಲಿಸಿದರು. ಇಷ್ಟು ಜನ ತನ್ನ ಕುರ್ಚಿಯನ್ನು ಇಷ್ಟು ಭಕ್ತಿಯಿಂದ ನೋಡುವುದನ್ನು ಕಂಡು ರುದ್ರಮುನಿಗೆ ಮೊದಲು ಸಂತೋಷವೇ ಆಯಿತು. ನಮ್ಮ ಓಣಿಯಲ್ಲೂ ರಸಿಕರಿದ್ದಾರೆ ಅಂದುಕೊಂಡ.

ಅಷ್ಟರಲ್ಲಿ ಉಮಾಮಹೇಶ್ವರಿ ಭಾನುವಳ್ಳಿ ಬಸ್ಸಿಳಿದು ಬಂದಳು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ ನೋಡಿದಳು. ಕೈಯಲ್ಲಿದ್ದ ಸೌತೆಕಾಯಿ ಚೀಲ ಕೆಳಗೆ ಬಿತ್ತು. ಸೌತೆಕಾಯಿಗಳು ಚಪ್ಪಲಿಗಳ ನಡುವೆ ಉರುಳಿದವು. ಮನೆಯಲ್ಲಿದ್ದದ್ದು ಗಂಡ ಒಬ್ಬನೇ. ಅವಳು ಅಳುತ್ತ ಒಳಗೆ ನುಗ್ಗಿದಾಗ ಗಂಡ ಬಿಳಿ ಪಂಚೆಯುಟ್ಟು ಕುರ್ಚಿಯ ಪಕ್ಕ ನಿಂತಿದ್ದ.

"ನೀವು ಇದೀರಾ?"

"ಇದೀನಿ," ಎಂದ ರುದ್ರಮುನಿ.

ಓಣಿಯವರು ಅವನನ್ನೂ ಖಾಲಿ ಕುರ್ಚಿಯನ್ನೂ ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡರು. ಸುರಿಸಿದ ಕಣ್ಣೀರು ವ್ಯರ್ಥವಾದರೆ ಯಾರಿಗಾದರೂ ಸಿಟ್ಟು ಬರುತ್ತದೆ.

"ಮತ್ತೆ ಹೋದೋರು ಯಾರ್ರಿ?" ಎಂದರು ಅನ್ನಪೂರ್ಣಮ್ಮ.

ಮುಂಬಯಿಯ ವಿಷಯ ಹೇಳಿದರೆ ಅವರು ನಗುತ್ತಾರೆ. ನಗದಿದ್ದರೆ ಹೊಡೆಯುತ್ತಾರೆ. ರುದ್ರಮುನಿಯ ಕಣ್ಣು ಗೋಡೆಯ ಪಟದ ಮೇಲೆ ಬಿತ್ತು. "ನಮ್ಮಜ್ಜಾರು," ಎಂದ. "ಕೊಟ್ರಬಸಜ್ಜಾರು."

"ಅಯ್ಯೋ ಶಿವನೆ. ಯಾವಾಗ?"

"ನಾನು ಹುಟ್ಟಾಕಿಂತ ಮುಂಚೆ."

ಎಲ್ಲರೂ ಪಟದ ಕಡೆ ತಿರುಗಿದರು. ಕೊನೆಗೆ ಅನ್ನಪೂರ್ಣಮ್ಮ, "ಅವ್ರ ನೆಪ್ಪಿಗೆ ಇಷ್ಟೆಲ್ಲ ಮಾಡಿಯೇನಪ್ಪ? ಇದು ಅವ್ರು ಕೂಡ್ತಿದ್ದ ಕುರ್ಚಿನಾ?" ಎಂದರು.

"ಹ್ಞೂಂ."

"ಅರ್ಧ ಮುಖ ಯಾಕ ನೀಲಿ ಆಗೈತೆ?"

"ಆಗಿನ ಫೋಟೋ ಹಂಗೇ ಬರ್ತಿದ್ವು ಅಕ್ಕಾರೆ."

ತಂದ ಹಾರ ದಂಡವಾಗಬಾರದೆಂದು ಅದನ್ನು ಪಟಕ್ಕೆ ಹಾಕಿದರು. ಗಾಜಿನ ಮೇಲೆ, ಮುದುಕನ ಹಳದಿ ನೀಲಿ ಹಣೆಗಳೆರಡಕ್ಕೂ ಸೇರಿಸಿ ವಿಭೂತಿ ಎಳೆದರು. ಎಲ್ಲರೂ ಕುರ್ಚಿಗೆ ಕೈಮುಗಿದು, ಹೋಗಿ ಬರುತ್ತೇವೆ ಎನ್ನಬೇಕೋ ಬೇಡವೋ ತಿಳಿಯದೆ, ಅರ್ಧಂಬರ್ಧ ಅಂದು ಹೋದರು.

ಎಲ್ಲರೂ ಹೋದ ಮೇಲೆ ರುದ್ರಮುನಿ ಕೂಡಲು ಹೋದ.

"ಕೂಡಬ್ಯಾಡ್ರಿ," ಎಂದಳು ಉಮಾಮಹೇಶ್ವರಿ. "ಹಿರೇರ ಕುರ್ಚಿ ಅದು."

"ಲೇ, ಬಡೇಸಾಬರ ಅಂಗಡೀದು ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತೆ. ಸುಳ್ಳು ಹೇಳಿದ್ದು ನೀವು, ನಡ್ಸಿಕೊಂಡು ಹೋಗೋಳು ನಾನು. ಬಾಗ್ಲಾಗ ನನ್ನ ಜೀವ ಬಾಯಿಗೆ ಬಂದಿತ್ತಲ್ಲ, ಅದು ವಾಪಸ್ ಕೆಳಗೆ ಇಳಿಯೋವರೆಗೂ ನೀವು ಅದರಾಗ ಕೂಡಂಗಿಲ್ಲ."

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಕುರ್ಚಿಗೆ ಕೈಮುಗಿಯತೊಡಗಿದಳು. ಮುಖದ ಮೇಲೆ ನಗುವಿನ ಸುಳಿವಿಲ್ಲದೆ ಮುಗಿಯುತ್ತಿದ್ದಳು. ಅನ್ನಪೂರ್ಣಮ್ಮ ಹಬ್ಬ ಹುಣ್ಣಿಮೆಗೆ ಹೂವು ಕಳಿಸತೊಡಗಿದರು. ರುದ್ರಮುನಿ ಗೋಡೆಗೊರಗಿ ನೆಲದ ಮೇಲೆ ಕೂತು, ತನ್ನ ಬಿಸಿಲು ತನ್ನ ಕುರ್ಚಿಯ ಮೇಲೆ ಬಿದ್ದು, ಅದರ ಕೈ ಸವರಿ, ಬೆತ್ತದ ಕಣ್ಣುಗಳೊಳಗೆ ತೂರಿ ನೆಲದ ಮೇಲೆ ಜಾಲರಿ ಹೆಣೆಯುವುದನ್ನು ನೋಡುತ್ತಿದ್ದ. ಅಂಗಡಿಯಲ್ಲಿ ಬಟ್ಟೆಯ ಬೇಲೊಂದಕ್ಕೆ ಒರಗಿ ಮಂಪರು ಹತ್ತಿದಾಗ ನೀಲಿ ಮುಖದ ಅಜ್ಜ ಪಟದಿಂದ ಇಳಿದು, "ಕೂಡಪ್ಪ ರುದ್ರಾ, ದಣಿದೀಯ" ಎನ್ನುತ್ತಿದ್ದ. ಕೂಡಲು ಹೋಗುವಷ್ಟರಲ್ಲಿ ಸಾಹುಕಾರರು ಕೂಗುತ್ತಿದ್ದರು.

ಆಷಾಢ ಮುಗಿಯುತ್ತ ಬಂದಾಗ ಅನ್ನಪೂರ್ಣಮ್ಮ ಹರಿಹರಕ್ಕೆ ದೇವರಿಗೆ ಹೋಗಿಬಂದರು. ಬಂದವರು ತಮ್ಮ ಮನೆಗೆ ಹೋಗದೆ ನೆಟ್ಟಗೆ ಇಲ್ಲಿಗೆ ಬಂದರು.

"ರುದ್ರಮುನಿ, ನಿಮ್ಮಜ್ಜಾರು ಹರಿಹರದಾಗ ಕಟಿಂಗ್ ಶಾಪಿನಾಗ ಅದಾರೆ."

ರುದ್ರಮುನಿ ಕೈಯೊಳಗಿನ ಚಹಾದ ಲೋಟ ಕೆಳಗಿಟ್ಟ.

"ಖಾನಾವಳ್ಯಾಗೂ ಅದಾರೆ. ಬಸ್‌ಸ್ಟ್ಯಾಂಡಿನ ಹತ್ರ ಸೈಕಲ್ ಅಂಗಡಿ ಐತಲ್ಲ, ಅಲ್ಲೂ ಅದಾರೆ. ಅದೇ ಕೋಟು, ಅದೇ ನೀಲಿ."

ಇನ್ನು ಮುಗಿಯಿತು ಎಂದು ಅವನು ತಲೆ ತಗ್ಗಿಸಿದ. ತಲೆ ಎತ್ತಿದರೆ ಅನ್ನಪೂರ್ಣಮ್ಮನ ಕಣ್ಣಲ್ಲಿ ನೀರಿತ್ತು.

"ಎಂಥಾ ದೊಡ್ಡ ಮನುಷ್ರಪ್ಪ ಅವ್ರು. ಊರ ಮಂದಿ ಇನ್ನೂ ಗೋಡಿಗೆ ಹಾಕ್ಕೊಂಡಾರೆ. ಕಟಿಂಗ್ ಶಾಪಿನವಂಗೆ ಇವ್ರು ಯಾರಪ್ಪ ಅಂತ ಕೇಳ್ದೆ. ಯಾರೋ ದೊಡ್ಡೋರಮ್ಮ, ಇವ್ರನ್ನ ಹಾಕಿದ ಮ್ಯಾಲೆ ಗಿರಾಕಿ ಜಾಸ್ತಿ ಆಗ್ಯಾರೆ ಅಂದ. ನೀನು ಒಂದಿನ ಬಾಯಿ ಬಿಟ್ಟೆಯೇನು? ಎಷ್ಟು ವಿನಯ!"

ವಿನಯವಂತ ತಣ್ಣಗಾದ ಚಹಾ ಕುಡಿಯುತ್ತ ಕೂತ. ಸುದ್ದಿ ಮಾತ್ರ ಕೂಡಲಿಲ್ಲ. ಅದು ಹರಿಹರದ ಸಂತೆಗೆ ಹೋಗಿ, ಅಲ್ಲಿಂದ ಕೊಕ್ಕನೂರಿನ ಬಸ್ಸು ಹತ್ತಿತು.

ಕೊಕ್ಕನೂರು ರುದ್ರಮುನಿಯ ಹಿರಿಯರ ಊರು. ನಿಜವಾದ ಕೊಟ್ರಬಸಪ್ಪ ಅಲ್ಲೇ ಬದುಕಿ ಅಲ್ಲೇ ಹೋದವರು. ಊರ ಶಾಲೆಗೆ ಜಾಗ ಬಿಟ್ಟುಕೊಟ್ಟವರು. ಜೀವಮಾನದಲ್ಲಿ ಕ್ಯಾಮೆರಾದ ಮುಂದೆ ನಿಂತವರಲ್ಲ. ವಾರದೊಳಗೆ ಅಲ್ಲಿಯ ಶಾಲಾ ಸಮಿತಿಯ ಅಧ್ಯಕ್ಷ ಬಕ್ಕೇಶಪ್ಪ, ಸಂಬಂಧದಲ್ಲಿ ರುದ್ರಮುನಿಗೆ ದೊಡ್ಡಪ್ಪ, ರುಮಾಲು ಸುತ್ತಿಕೊಂಡು ಬಂದರು. ಪಟದ ಮುಂದೆ ಬಹಳ ಹೊತ್ತು ನಿಂತರು.

"ಇಷ್ಟು ವರ್ಷ ಶಾಲ್ಯಾಗ ಅವ್ರ ಹೆಸರಿನ ಹಲಗೆಗೆ ಹಾರ ಹಾಕೀವಿ, ತಮ್ಮಾ. ಹಲಗೆಗೆ ಹಾರ ಹಾಕೋಕೆ ನಾಚಿಕಿ ಬರ್ತಿತ್ತು. ಈ ಆಗಸ್ಟ್ ಹದಿನೈದಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ. ದಾವಣಗೆರೆ ಜಿಲ್ಲೆ ಆಗೋದೂ ಅವತ್ತೇ. ನಾವು ಈ ಪಟ ಒಯ್ದು ಶಾಲ್ಯಾಗ ಹಾಕ್ತೀವಿ."

"ದೊಡ್ಡಪ್ಪಾರೆ, ಅದು…"

"ನೀನು ಇಲ್ಲ ಅನ್ನಬ್ಯಾಡ. ಒಂದೇ ಮಾತು, ಹಂಪವ್ವಜ್ಜಿ ನೋಡಿ ಹೌದು ಅನ್ಬೇಕು. ಅವ್ರನ್ನ ಕಣ್ಣಾರೆ ಕಂಡೋರು ಅಂತ ಈಗ ಉಳಿದಿರೋದು ಅವ್ರ ತಂಗಿ ಆಕಿ ಒಬ್ಬಾಕೆ. ಪಂಚಮಿಗೆ ಮುಂಚೆ ಕರ್ಕೊಂಡು ಬರ್ತೀನಿ."

ಆ ದಿನ ರುದ್ರಮುನಿ ಹೆಂಡತಿಯನ್ನು ಕೇಳಿದ: "ಈಗಾದ್ರೂ ನಿಜ ಹೇಳಿಬಿಡ್ಲಾ?"

"ಹೇಳ್ರಿ. ಆಮ್ಯಾಲೆ ನಮ್ಮನ್ಯಾಗ ನಿಜವಾಗ್ಲೂ ಯಾರಾದ್ರೂ ಹೋದ್ರೆ ಓಣಿಯೋರು ಒಬ್ರೂ ಬರಂಗಿಲ್ಲ. ಹೊರೋ ನಾಲ್ಕು ಮಂದೀನ ಹರಿಹರದಿಂದ ಕರ್ಸ್ರಿ."

ಅವನು ಹೇಳಲಿಲ್ಲ.

ಪಂಚಮಿಯ ಹಿಂದಿನ ದಿನ ಹಂಪವ್ವ ಬಂದಳು. ಒಣಗಿದ ಕಡಲೆಗಿಡದಂಥ ಮುದುಕಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಗಂಟು. ಹಿಂದೆ ಬಕ್ಕೇಶಪ್ಪ, ಅವರ ಹಿಂದೆ ಇಡೀ ಓಣಿ. ಯಾರಾದರೂ ಏನಾದರೂ ಹೇಳುವ ಮೊದಲೇ ಅವಳು ನೆಟ್ಟಗೆ ನಡೆದು ಬಂದು ಕುರ್ಚಿಯಲ್ಲಿ ಕೂತಳು.

"ಅಜ್ಜಿ, ಅದು ಕೊಟ್ರಬಸಜ್ಜಾರ…" ಎಂದರು ಅನ್ನಪೂರ್ಣಮ್ಮ.

"ನಮ್ಮಣ್ಣನ ಕುರ್ಚ್ಯಾಗ ನಾನು ಕೂಡದೆ ನೀನು ಕೂಡ್ತೀಯೇನು?" ಎಂದಳು ಹಂಪವ್ವ. ಬೆತ್ತ ಕಿರುಗುಟ್ಟಿತು. ಅವಳು ಹಿಂದಕ್ಕೆ ಒರಗಿದಳು. ಇನ್ನೂ ಸ್ವಲ್ಪ ಒರಗಿದಳು. ಜೀವಮಾನವೆಲ್ಲ ಬಗ್ಗಿ ಕಳೆ ತೆಗೆದ ಅವಳ ಬೆನ್ನಿಗೆ ಆ ಕುರ್ಚಿ ಏನು ಹೇಳಿತೋ, ಕಣ್ಣು ಅರ್ಧ ಮುಚ್ಚಿದವು.

"ಅಜ್ಜಿ, ಪಟ ನೋಡ್ರಿ," ಎಂದರು ಬಕ್ಕೇಶಪ್ಪ.

ಅವಳು ನೋಡಿದಳು. ಬಿಸಿಲು ಅವಳ ಪಾದದಿಂದ ಮೊಣಕಾಲಿಗೆ ಏರುವವರೆಗೆ ನೋಡಿದಳು. ರುದ್ರಮುನಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಉಮಾಮಹೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದೇ ನಿಂತಿದ್ದಳು.

"ರುದ್ರಾ, ಬಾ ಇಲ್ಲಿ," ಎಂದಳು ಹಂಪವ್ವ.

ಅವನು ಬಂದು ಬಗ್ಗಿದ. ಅವಳು ಅವನ ಕಿವಿ ಹಿಡಿದು ಹತ್ತಿರಕ್ಕೆಳೆದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ಯಾರೋ ಇವ? ನಮ್ಮಣ್ಣ ಮೀಸಿ ಬಿಟ್ಟೋನಲ್ಲ. ಕೋಟು ಕಂಡೋನಲ್ಲ. ಅರ್ಧ ನೀಲಿ ಅಂತೂ ಇರ್ಲೇ ಇಲ್ಲ."

"ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳಬ್ಯಾಡ, ಬಿಸ್ಲಿಗೆ ಅಡ್ಡ ಆಗ್ತೀಯ. ಈ ಕುರ್ಚಿ ಪಂಚಮಿ ಮುಗಿಯೋವರೆಗೂ ನಂದು. ಹೌದೋ ಅಲ್ಲೋ?"

"ಹೌದು."

ಅವಳು ಕಿವಿ ಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಪಟದ ಕಡೆ ಕೋಲು ಎತ್ತಿದಳು.

"ಏನೋ ಕೊಟ್ರಬಸಣ್ಣ, ಆ ವರ್ಷ ಪಂಚಮಿಗೆ ಕರಿಯಾಕ ಬರ್ತೀನಿ ಅಂದೋನು ಬರ್ಲೇ ಇಲ್ಲಲ್ಲೋ. ಜೋಕಾಲಿ ಕಟ್ತೀನಿ ಅಂದಿದ್ದಿ. ಉಂಡಿ ಕಟ್ಟಿಕೊಂಡು, ಬಾಗ್ಲಾಗ ಕುಂತು, ದಾರಿ ನೋಡಿ ನೋಡಿ ನನ್ನ ಕಣ್ಣು ಬಿದ್ದು ಹೋದ್ವು. ಈಗ ಬಂದೇನು, ಕೋಟು ಹಾಕ್ಕೊಂಡು?"

ಅದು ನಾಟಕವಾಗಿರಲಿಲ್ಲ. ಅಣ್ಣ ಬರಲಿಲ್ಲವೆಂಬ ಆ ಸಿಟ್ಟು ಐವತ್ತು ಚಿಲ್ಲರೆ ವರ್ಷ ಹಳೆಯದು, ಹೇಳಿಕೊಳ್ಳಲು ಅದಕ್ಕೊಂದು ಮುಖ ಸಿಕ್ಕಿರಲಿಲ್ಲ ಅಷ್ಟೇ. ಸಿಕ್ಕ ಮುಖ ಅರ್ಧ ನೀಲಿಯಾದರೇನು? ಅನ್ನಪೂರ್ಣಮ್ಮ ಮೊದಲು ಅತ್ತರು. ಆಮೇಲೆ ಓಣಿಯವರೆಲ್ಲ ಅತ್ತರು. ಹಿಂದಿನ ಸಲ ವ್ಯರ್ಥವಾದದ್ದೂ ಸೇರಿ ಈ ಸಲ ಸರಿಹೋಯಿತು. ಬಕ್ಕೇಶಪ್ಪ ರುಮಾಲು ಬಿಚ್ಚಿ ಮೂಗೊರೆಸಿಕೊಂಡು, ಪಟ ಇಳಿಸಲು ಮೊಳೆಯ ಕಡೆ ಕೈಚಾಚಿದರು.

"ಮುಟ್ಟಬ್ಯಾಡ," ಎಂದಳು ಹಂಪವ್ವ. "ನಾನು ಬೈಯೋದು ಇನ್ನೂ ಮುಗಿದಿಲ್ಲ. ನಿಮ್ಮ ಶಾಲಿಗೆ ಬೇಕಾದ್ರೆ ಹರಿಹರದಾಗ ಕಟಿಂಗ್ ಶಾಪಿನಾಗ ಐತಂತಲ್ಲ, ಅದನ್ನ ಒಯ್ರಿ."

ಹಾಗೆಯೇ ಆಯಿತು. ಆಗಸ್ಟ್ ಹದಿನೈದರಂದು ಕಟಿಂಗ್ ಶಾಪಿನವನೇ ಪಟ ಹೊತ್ತು ಕೊಕ್ಕನೂರಿಗೆ ಹೋಗಿ, ಈ ಮಹನೀಯರ ಸಾನ್ನಿಧ್ಯದಲ್ಲಿ ಕತ್ತರಿ ಹಿಡಿಯುವ ಭಾಗ್ಯ ತನ್ನದಾಗಿತ್ತು ಎಂದು ಭಾಷಣ ಮಾಡಿದನಂತೆ. ಮಕ್ಕಳು ಚಪ್ಪಾಳೆ ತಟ್ಟಿದರಂತೆ.

ಪಂಚಮಿ ಮುಗಿಯಿತು. ಹಂಪವ್ವ ಎಳ್ಳುಂಡೆಯನ್ನೂ ತಂಬಿಟ್ಟನ್ನೂ ಕುರ್ಚಿಯಲ್ಲಿ ಕೂತೇ ತಿಂದಳು. "ಶ್ರಾವಣ ಸೋಮವಾರ ಮುಗಿಯೋವರೆಗೂ ಏಳಬಾರ್ದು," ಎಂದಳು. ಆಮೇಲೆ ಗಣಪತಿ ಬಂದ. ಗಣಪತಿಯಾದ ಮೇಲೆ, ತೀರಿದ ಹಿರಿಯರಿಗೆ ಎಡೆಯಿಡುವ ಹಿರೇರ ಹಬ್ಬ ಹತ್ತಿರವಿತ್ತು. ಅಣ್ಣನ ಪಟ ಇಲ್ಲಿರುವಾಗ ಹಿರೇರ ಹಬ್ಬಕ್ಕೆ ಬೇರೆ ಎಲ್ಲಿಗೆ ಹೋಗುವುದು? ಉಮಾಮಹೇಶ್ವರಿ ಮುದುಕಿಯ ತಲೆ ಬಾಚುತ್ತ, ಗಂಡನ ಕಡೆ ನೋಡದೆ, "ಇರ್ಲಿ ಬಿಡಜ್ಜಿ, ನಿನ್ನ ಮನಿ ಇದು," ಎನ್ನುತ್ತಿದ್ದಳು. ಬಾಯಿಗೆ ಬಂದಿದ್ದ ಅವಳ ಜೀವ ಕೆಳಗಿಳಿದು ಬಹಳ ದಿನವಾಗಿತ್ತು. ಅವಳು ಅದನ್ನು ಹೇಳಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ರುದ್ರಮುನಿ ಗೋಡೆಗೊರಗಿ ಕೂತಿದ್ದ. ಬಿಸಿಲು ಹೊಸಿಲು ದಾಟಿ ಬಂದು ಮುದುಕಿಯ ಪಾದ ಮುಟ್ಟಿತ್ತು. ಅವಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಪಟದ ಅಜ್ಜ ಗಲ್ಲಕ್ಕೆ ಕೈ ಕೊಟ್ಟು ಅವಳನ್ನು ಕಾಯುತ್ತಿದ್ದ. ಎಲ್ಲಿಯೋ ಮಂಡಕ್ಕಿ ಹುರಿಯುವ ವಾಸನೆ ತೇಲಿ ಬರುತ್ತಿತ್ತು. ಪತ್ರಿಕೆಯ ಕೋಣೆ ಹೀಗೇ ಇತ್ತು, ಇದಕ್ಕಿಂತ ಚೆನ್ನಾಗಿರಲಿಲ್ಲ. ಅವನೊಬ್ಬ ಮಾತ್ರ ಅದರೊಳಗೆ ಕೂತಿರಲಿಲ್ಲ.

"ರುದ್ರಾ," ಎಂದಳು ಹಂಪವ್ವ, ಕಣ್ಣು ತೆರೆಯದೆ. "ಈ ಕುರ್ಚಿಗೆ ಜೋಡಿ ಇರ್ಬೇಕಲ್ಲೋ. ಇಂಥಾವು ಒಂದೇ ಮಾಡಲ್ಲ."

ರುದ್ರಮುನಿ ತಟ್ಟನೆ ನೆಟ್ಟಗಾದ. ಬಡೇಸಾಬರ ಅಟ್ಟ ಅವನ ಕಣ್ಣ ಮುಂದೆ ಬಂತು. ಅಷ್ಟು ದಿನ ಅದು ತನಗೆ ಹೊಳೆಯದೇ ಇದ್ದದ್ದು ಹೇಗೆ? "ಐತಜ್ಜಿ, ಹರಿಹರದಾಗ ಐತೆ."

"ತಾ ಮತ್ತೆ."

ಅವನು ಊಟಕ್ಕೂ ನಿಲ್ಲದೆ ಬಸ್ಸು ಹಿಡಿದ. ಬಡೇಸಾಬರು ಅಟ್ಟ ಹತ್ತಿ ಕುರ್ಚಿ ಇಳಿಸಿಕೊಟ್ಟು, "ನಾನು ಅವತ್ತೇ ಹೇಳ್ಲಿಲ್ವಾ ಸಾರ್?" ಎಂದರು. ಬಸ್ಸಿನ ಟಾಪಿನ ಮೇಲೆ ಕುರ್ಚಿ ಕಟ್ಟಿಸಿ, ದಾರಿಯುದ್ದಕ್ಕೂ ಅದರಲ್ಲಿ ತಾನು ಕೂತ ಹಾಗೆ ಕಣ್ಣು ಮುಚ್ಚಿಕೊಂಡು, ಹೊಂಡದ ಸರ್ಕಲ್ಲಿನಲ್ಲಿ ಇಳಿದು ತಲೆಯ ಮೇಲೆ ಹೊತ್ತು ತಂದ. ಓಣಿಯವರು ಎದ್ದು ದಾರಿ ಬಿಟ್ಟರು. ಬಿಸಿಲು ಇನ್ನೂ ಪಡಸಾಲೆಯಲ್ಲೇ ಇತ್ತು. ಅವನು ಕುರ್ಚಿಯನ್ನು ಹಂಪವ್ವನ ಎದುರಿಗೆ ಇಳಿಸಿ, ಪಂಚೆಯ ಅಂಚಿನಿಂದ ಧೂಳು ಒರೆಸಿ, ಕೈ ಹಿಡಿದು ಬಗ್ಗಿದ.

"ಇನ್ನೊಂಚೂರು ಮುಂದಕ್ಕೆ ತಾ," ಎಂದಳು ಹಂಪವ್ವ.

ಅವನು ತಂದ. ಅವಳು ನಿಧಾನಕ್ಕೆ ಒಂದು ಕಾಲೆತ್ತಿ ಅದರ ಮೇಲಿಟ್ಟಳು. ಆಮೇಲೆ ಇನ್ನೊಂದನ್ನೂ ಇಟ್ಟಳು.

"ಈಗ ಸರಿ ಆತು ನೋಡು," ಎಂದು ಕಣ್ಣು ಮುಚ್ಚಿದಳು.